ಸಾಕರ್ ಆಡುವ ಮಕ್ಕಳು ಮತ್ತು ಕಾಲೇಜು ತಂಡ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ನಮ್ಮ ಕನ್ನಡ ಶಾಲೆಯ ಮೇಲಿನ ತರಗತಿಗಳಲ್ಲಿ ಭಾನುವಾರ ಹಾಜರಿ ಕರೆಯುವಾಗ "ಟೂರ್ನಮೆಂಟ್‌ಗೆ ಹೋಗಿದ್ದಾನೆ", "ಅವಳಿಗೆ ಇವತ್ತು ಮ್ಯಾಚ್" ಎಂಬ ಉತ್ತರ ಮಾಮೂಲಾಗಿದೆ. ಮಕ್ಕಳು ಆಡಲಿ, ಅದರಲ್ಲಿ ನನಗೆ ಸಂತೋಷವೇ. ತರಗತಿ ಮುಗಿದ ಮೇಲೆ ನಿಮ್ಮಲ್ಲಿ ಹಲವರು ನನ್ನನ್ನು ತಡೆದು ಕೇಳುವುದು ಒಂದೇ ಮಾತು: ಅಮೆರಿಕದ ಕಾಲೇಜು ತಂಡಕ್ಕೆ ಸೇರಲು ಇನ್ನೇನು ಮಾಡಬೇಕು, ಇನ್ನೊಂದು ಕ್ಯಾಂಪಿಗೆ ದುಡ್ಡು ಕಟ್ಟಬೇಕೇ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ದಾರಿ ಹಿಡಿದು ಹೋದದ್ದನ್ನು ಹತ್ತಿರದಿಂದ ಕಂಡವಳಾಗಿ ಹೇಳುತ್ತೇನೆ, ದುಡ್ಡಿನ ಮಾತು ಆಮೇಲೆ. ಮೊದಲು ಕೆಲಸವನ್ನು ಮಗುವಿನ ಕೈಗೆ ಒಪ್ಪಿಸಿ.

ಕಾಲೇಜಿನ ಕೋಚ್‌ಗೆ ಹೋಗುವ ಇಮೇಲನ್ನು ಮಗುವೇ ಬರೆಯಬೇಕು. "ನನ್ನ ಮಗ ಚಿಕ್ಕಂದಿನಿಂದಲೂ ಪ್ರತಿಭಾವಂತ" ಎಂದು ಅಪ್ಪ ಬರೆದ ಪತ್ರ ಕೋಚ್‌ಗೆ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಪ್ಪನ ಬಗ್ಗೆ ಮಾತ್ರ ಹೇಳುತ್ತದೆ. ವಿಷಯದ ಸಾಲಿನಲ್ಲಿಯೇ ಬೇಕಾದದ್ದೆಲ್ಲ ಇರಲಿ: "2028ರ ಬ್ಯಾಚ್, ಲೆಫ್ಟ್ ಬ್ಯಾಕ್, ಜೆರ್ಸಿ 14, ಶನಿವಾರ ಬೆಳಿಗ್ಗೆ 10ಕ್ಕೆ 6ನೇ ಮೈದಾನ." ಟೂರ್ನಮೆಂಟಿನಲ್ಲಿ ಹತ್ತಾರು ಮೈದಾನಗಳ ನಡುವೆ ಓಡಾಡುವ ಕೋಚ್‌ಗೆ ಆ ಒಂದು ಸಾಲು ಸಾಕು, ಯಾರನ್ನು ಎಲ್ಲಿ ನೋಡಬೇಕೆಂದು ತಿಳಿಯುತ್ತದೆ. ಒಳಗೆ ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ), ಕ್ಲಬ್ಬಿನ ಹೆಸರು, ಕ್ಲಬ್ ಕೋಚ್‌ನ ಫೋನ್ ನಂಬರ್, ವಿಡಿಯೊ ಕೊಂಡಿ ಇರಲಿ. ಆ ಕಾಲೇಜಿನ ಪಂದ್ಯವೊಂದನ್ನು ನಿಜವಾಗಿ ನೋಡಿದವರು ಮಾತ್ರ ಬರೆಯಬಲ್ಲ ಎರಡು ಸಾಲುಗಳೂ ಇರಲಿ. ಹೆಸರು ಬದಲಿಸಿ ಐವತ್ತು ಕಾಲೇಜುಗಳಿಗೆ ಕಳಿಸಿದ ಪತ್ರ ಎಂಬುದು ಓದಿದ ತಕ್ಷಣ ಗೊತ್ತಾಗಿಬಿಡುತ್ತದೆ.

ವಿಡಿಯೊ ಮೂರು ನಾಲ್ಕು ನಿಮಿಷ ಇದ್ದರೆ ಸಾಕು. ಒಳ್ಳೆಯ ದೃಶ್ಯಗಳು ಮೊದಲೇ ಬರಲಿ, ಮಗು ಯಾರೆಂದು ಬಾಣದ ಗುರುತು ತೋರಿಸಲಿ, ಹಿನ್ನೆಲೆ ಸಂಗೀತ ಬೇಡ. ಗೋಲುಗಳನ್ನಷ್ಟೇ ಪೋಣಿಸಬೇಡಿ. ಡಿಫೆಂಡರ್ ಆದರೆ ಚೆಂಡು ಬರುವ ಮೊದಲು ಎಲ್ಲಿ ನಿಂತಿದ್ದಳು, ಚೆಂಡು ಕಳೆದುಕೊಂಡ ಮರುಕ್ಷಣ ಏನು ಮಾಡಿದಳು ಎಂಬುದು ಕಾಣಬೇಕು. ಪೂರ್ತಿ ಪಂದ್ಯದ ಕೊಂಡಿಯನ್ನೂ ಸಿದ್ಧವಾಗಿಟ್ಟುಕೊಳ್ಳಿ, ಆಸಕ್ತಿ ಇರುವ ಕೋಚ್ ಅದನ್ನು ಕೇಳುತ್ತಾರೆ.

ಒಂಬತ್ತನೇ ತರಗತಿಯ ಮಕ್ಕಳ ತಾಯಂದಿರು ಕೆಲವರು "ಬರೆದರೂ ಉತ್ತರವೇ ಬರಲಿಲ್ಲ" ಎಂದು ಮುಖ ಸಪ್ಪೆ ಮಾಡಿಕೊಂಡಿದ್ದಾರೆ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ, ಕಾಲೇಜುಗಳನ್ನು ಮೂರು ಡಿವಿಷನ್ನುಗಳಾಗಿ ವಿಂಗಡಿಸುತ್ತದೆ) ನಿಯಮದಂತೆ ಡಿವಿಷನ್ ಒಂದು ಮತ್ತು ಎರಡರ ಸಾಕರ್ ಕೋಚ್‌ಗಳು ಹತ್ತನೇ ತರಗತಿ ಮುಗಿದ ಬೇಸಿಗೆಯ ಜೂನ್ 15ರವರೆಗೆ ಆಯ್ಕೆಯ ವಿಷಯವಾಗಿ ಮಗುವಿಗೆ ಬರೆಯುವಂತಿಲ್ಲ. ಕ್ಯಾಂಪಿನ ಮಾಹಿತಿ, ಪ್ರಶ್ನಾವಳಿ ಕಳಿಸಬಹುದು, ಅಷ್ಟೇ. ಹಾಗಾಗಿ ಅದಕ್ಕೆ ಮೊದಲಿನ ಮೌನವನ್ನು ತಿರಸ್ಕಾರವೆಂದು ತಿಳಿಯಬೇಡಿ. ಜೂನ್ 15 ಕಳೆದು ತಿಂಗಳುಗಳಾದರೂ ಮೌನವೇ ಮುಂದುವರಿದರೆ, ಆಗ ಕಾಲೇಜುಗಳ ಪಟ್ಟಿಯನ್ನು ಮಗುವಿನೊಡನೆ ಕುಳಿತು ತಿದ್ದಿ.

ಓದಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಡಿವಿಷನ್ ಒಂದಕ್ಕೆ 16 ಮುಖ್ಯ ವಿಷಯಗಳ ಕೋರ್ಸುಗಳು ಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಇರಬೇಕು. 12ನೇ ತರಗತಿ ಶುರುವಾಗುವ ಮೊದಲೇ 10 ಕೋರ್ಸು ಮುಗಿಸಿರಬೇಕು. ಅದರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು, ಈ ಹತ್ತರ ಅಂಕವನ್ನು ಆಮೇಲೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನು ಎನ್‌ಸಿಎಎ 2023ರಿಂದ ಕೇಳುತ್ತಿಲ್ಲ, ಆದರೆ ಕಾಲೇಜು ಕೇಳಬಹುದು. ಎರಡನೇ ಭಾಷೆಯೂ ಈ 16ರೊಳಗೆ ಸೇರಬಹುದಾದ್ದರಿಂದ ನಮ್ಮ ಕನ್ನಡ ತರಗತಿಯೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಹೈಸ್ಕೂಲಿನ ಹೆಸರಿನಲ್ಲಿ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಇದ್ದರೆ ಮಾತ್ರ. ಸ್ಕೂಲ್ ಕೌನ್ಸೆಲರ್ ಬಳಿ ಆ ಪಟ್ಟಿಯನ್ನು ಈ ವರ್ಷವೇ ತರಿಸಿ ನೋಡಿ, ಗಾಳಿಮಾತು ನಂಬಬೇಡಿ.

2.3 ಎಂಬುದು ಹೊಸ್ತಿಲು ಮಾತ್ರ. ಒಳ್ಳೆಯ ಅಂಕವಿದ್ದರೆ ಕೋಚ್ ನೋಡುವ ಪಟ್ಟಿಯೇ ಹಿಗ್ಗುತ್ತದೆ, ಇದನ್ನು ಬಹಳ ಮಂದಿ ಪೋಷಕರು ಅರಿತಿಲ್ಲ. ಡಿವಿಷನ್ ಮೂರರ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ, ಹಾರ್ವರ್ಡ್, ಯೇಲ್ ಮುಂತಾದ ಹೆಸರಾಂತ ಕಾಲೇಜುಗಳ ಐವಿ ಲೀಗ್ ಕೂಡ ಕೊಡುವುದಿಲ್ಲ. ಆದರೆ ಡಿವಿಷನ್ ಮೂರರ ಹಲವು ಕಾಲೇಜುಗಳಲ್ಲಿ ಅಂಕಕ್ಕೂ ಮನೆಯ ಆದಾಯಕ್ಕೂ ತಕ್ಕ ನೆರವು ಸಿಗುತ್ತದೆ. ಅಲ್ಲಿನ ಆಟ ಸುಮ್ಮನೆ ಕಾಲಹರಣದ್ದಲ್ಲ. 2022ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಪುರುಷರ ತಂಡ ಈ ಡಿವಿಷನ್ನಿನ ಚಾಂಪಿಯನ್ ಆಯಿತು. ಕೋಚ್ ಜೂಲಿಯಾನ್ ಸಿಚ್, ಎನ್‌ಸಿಎಎ ಪುರುಷರ ಸಾಕರ್ ಪ್ರಶಸ್ತಿ ಗೆಲ್ಲಿಸಿದ ಮೊದಲ ಮಹಿಳೆ. ಓದು ಎಷ್ಟು ಕಠಿಣವೆಂದು ಎಲ್ಲರಿಗೂ ಗೊತ್ತಿರುವ ಕಾಲೇಜು ಅದು!

ಡಿವಿಷನ್ ಒಂದರಲ್ಲಿ ಜಾಗ ಕಿರಿದಾಗಿದೆ. ಆಟಗಾರರಿಗೆ ಕಾಲೇಜುಗಳೇ ನೇರವಾಗಿ ಹಣ ಕೊಡಲು ದಾರಿ ಮಾಡಿದ 2025ರ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಒಂದು ಸಾಕರ್ ತಂಡಕ್ಕೆ 28 ಆಟಗಾರರ ಮಿತಿ ಬಂದಿದೆ. ಬೇರೆ ಕಾಲೇಜುಗಳಿಂದ ವರ್ಗವಾಗಿ ಬರುವವರು, ಹೊರದೇಶಗಳಿಂದ ಬರುವ ಪಳಗಿದ ಆಟಗಾರರು ಹೈಸ್ಕೂಲ್ ಮುಗಿಸಿದ ಹುಡುಗರ ಮುಂದೆ ನಿಲ್ಲುತ್ತಾರೆ. ಪೂರ್ತಿ ಶುಲ್ಕ ತುಂಬುವ ವಿದ್ಯಾರ್ಥಿವೇತನ ಸಾಕರ್‌ನಲ್ಲಿ ಮೊದಲಿನಿಂದಲೂ ಅಪರೂಪ, ಆ ಲೆಕ್ಕದ ಮೇಲೆ ಮನೆಯ ಬಜೆಟ್ ಕಟ್ಟಬೇಡಿ. ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾ) ಇರುವ ಕುಟುಂಬಗಳು ಇನ್ನೂ ಎಚ್ಚರ ವಹಿಸಬೇಕು: ಕ್ರೀಡಾ ವಿದ್ಯಾರ್ಥಿವೇತನಕ್ಕೆ ಪೌರತ್ವ ಅಡ್ಡಿಯಲ್ಲ, ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ನಿಮ್ಮ ಮಗುವಿಗೆ ಸಿಗುವುದಿಲ್ಲ. ಮಗುವಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ ಎಂಬುದನ್ನೂ ಮರೆಯಬೇಡಿ. ಮನೆಯಿಂದ ಎಷ್ಟು ಕೊಡಬಲ್ಲಿರಿ ಎಂಬುದನ್ನು ಮಗುವಿಗೆ ಈಗಲೇ ಬಾಯಿಬಿಟ್ಟು ಹೇಳಿ. ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ, ಮುಚ್ಚಿಟ್ಟರೆ ನೊಂದುಕೊಳ್ಳುತ್ತಾರೆ.

ಇನ್ನು ಕ್ಯಾಂಪು. "ನಿಮ್ಮನ್ನು ಆಹ್ವಾನಿಸಿದ್ದೇವೆ" ಎಂಬ ಇಮೇಲ್ ಸಾವಿರಾರು ಮಕ್ಕಳಿಗೆ ಹೋಗಿರುತ್ತದೆ. ಮಗುವಿನ ಆಟವನ್ನು ಹೆಸರಿಸಿ ಕೋಚ್ ಸ್ವತಃ ಬರೆದಿದ್ದರೆ, ಆ ಕಾಲೇಜು ಮಗುವಿಗೂ ಇಷ್ಟವಿದ್ದರೆ ಹೋಗಿ. ಹಣ ಪಡೆದು "ಜಾಗ ಕೊಡಿಸುತ್ತೇವೆ" ಎನ್ನುವವರಿಂದ ದೂರವಿರಿ. ಜಾಗ ಕೊಡುವುದು ಕೋಚ್ ಮಾತ್ರ.

ಮೈದಾನದ ಅಂಚಿನಲ್ಲಿ ನೀವು ಕೂಗುವುದೂ ಕೋಚ್ ಕಿವಿಗೆ ಬೀಳುತ್ತದೆ. ಬದಲಿ ಆಟಗಾರನಾಗಿ ಹೊರಬಂದ ಮಗು ಬೆಂಚಿನಲ್ಲಿ ಹೇಗೆ ಕೂರುತ್ತದೆ, ಅಮ್ಮ ನೀರಿನ ಬಾಟಲಿ ತಂದುಕೊಟ್ಟಾಗ ಏನನ್ನುತ್ತದೆ ಎಂಬುದನ್ನೂ ಅವರು ನೋಡುತ್ತಾರೆ.

ಮುಂದಿನ ತಿಂಗಳ ಮೊದಲ ಭಾನುವಾರ, ತರಗತಿ ಮುಗಿದ ಮೇಲೆ, 9ರಿಂದ 11ನೇ ತರಗತಿಯ ಮಕ್ಕಳು ಮತ್ತು ಪೋಷಕರೊಂದಿಗೆ ಒಂದು ಗಂಟೆ ಕೂರುತ್ತೇನೆ. ಕಾಲೇಜು ತಂಡಗಳಲ್ಲಿ ಆಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಬ್ಬರು ವಿಡಿಯೊ ಕರೆಯಲ್ಲಿ ಮಾತನಾಡಲು ಒಪ್ಪಿದ್ದಾರೆ. ಮಕ್ಕಳು ಅಂಕಪಟ್ಟಿಯನ್ನೂ ತಾವೇ ಬರೆದ ಇಮೇಲಿನ ಕರಡನ್ನೂ ತರಲಿ. ಪಂದ್ಯಕ್ಕಾಗಿ ಪಾಠ ತಪ್ಪಿಸಿಕೊಂಡವರು ಆ ವಾರದ ಅಭ್ಯಾಸ ಹಾಳೆಯನ್ನು ಬುಧವಾರದೊಳಗೆ ಶಿಕ್ಷಕರಿಗೆ ಕಳಿಸಬೇಕು, ಕಾರಿನಲ್ಲಿ ಕುಳಿತು ಬರೆದದ್ದಾದರೂ ಸರಿ.

ವಿಶ್ವಾಸಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ