ನೋರಾಳ ಮನೆಯ ಅಂಚೆ ಡಬ್ಬಿ

ಪ್ರೀತಿಯ ಗೆಳೆಯಾ,

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕ ಓದಿದೆ, ಕೊನೆಯಲ್ಲಿ ನೋರಾ ಬಾಗಿಲು ಎಳೆದುಕೊಂಡು ಹೋಗುವ ಸದ್ದು ಇನ್ನೂ ಕಿವಿಯಲ್ಲಿದೆ ಅಂತ ಬರೆದಿದ್ದೀಯ. 1879ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲ ಪ್ರದರ್ಶನ ಆದಾಗಿನಿಂದ ಜನ ಜಾಸ್ತಿ ಮಾತಾಡಿದ್ದು ಆ ಬಾಗಿಲಿನ ಬಗ್ಗೆಯೇ. ಆದರೆ ನೀನು ಅಂಚೆ ಡಬ್ಬಿಯನ್ನು ಗಮನಿಸಿದೆಯಾ? ನನಗೆ ನಾಟಕದ ಜೀವವೆಲ್ಲ ಅಲ್ಲೇ ಇದೆ ಅನಿಸುತ್ತದೆ.

ಆ ಡಬ್ಬಿಯ ಬೀಗದ ಕೈ ಇರುವುದು ಗಂಡ ಟೋರ್ವಾಲ್ಡ್ ಹತ್ತಿರ ಮಾತ್ರ. ಎಂಟು ವರ್ಷದ ಸಂಸಾರ, ಮೂರು ಮಕ್ಕಳು, ಆದರೂ ಮನೆಗೆ ಬಂದ ಕಾಗದ ತೆಗೆಯಲು ಅವಳ ಹತ್ತಿರ ಕೀ ಇಲ್ಲ. ಅವಳಿಗೆ ಗುಟ್ಟಾಗಿ ಸಾಲ ಕೊಟ್ಟ ಕ್ರಾಗ್‌ಸ್ಟಾಡ್, ಅವಳ ಗುಟ್ಟನ್ನೆಲ್ಲ ಗಂಡನಿಗೆ ಬರೆದು ಹಾಕಿಹೋದ ಕಾಗದ ಡಬ್ಬಿಯ ಗಾಜಿನ ಆಚೆ ಕಾಣುತ್ತಲೇ ಇರುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಬೀಗದಲ್ಲಿ ಅವಳ ಹೇರ್‌ಪಿನ್ ಮುರಿದು ಸಿಕ್ಕಿಕೊಂಡಿರುವುದನ್ನು ಗಂಡ ನೋಡಿ ಕೇಳಿದಾಗ, ಮಕ್ಕಳು ಮಾಡಿರಬೇಕು ಅಂತಾಳೆ. ಅಲ್ಲಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಅವಳು ಮಾಡಿದ ತಪ್ಪಾದರೂ ಏನು ಹೇಳು. ಕಾಯಿಲೆ ಬಿದ್ದ ಗಂಡನನ್ನು ಇಟಲಿಗೆ ಕರೆದುಕೊಂಡು ಹೋಗಿ ಉಳಿಸಿಕೊಳ್ಳಲು ಗುಟ್ಟಾಗಿ ಸಾಲ ಮಾಡಿದಳು, ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಮಾಡುವಂತಿಲ್ಲದ ಕಾಲ ಅದು, ಹಾಗಾಗಿ ಅಪ್ಪನ ಸಹಿಯನ್ನು ತಾನೇ ಹಾಕಿದಳು. ನಾರ್ವೆಯಲ್ಲಿ ಮದುವೆಯಾದ ಹೆಂಗಸರಿಗೆ ತಮ್ಮ ಆಸ್ತಿ ವ್ಯವಹಾರದ ಹಕ್ಕು ಕೊಡುವ ಕಾನೂನು ಬಂದದ್ದು 1888ರಲ್ಲಿ.

ಆ ಇಟಲಿಯ ಬೆಸ್ತರ ಹುಡುಗಿಯ ವೇಷದಲ್ಲೇ ಅವಳು ಟರಾಂಟೆಲ್ಲಾ ಅನ್ನುವ ಅಲ್ಲಿನ ಬಿರುಸಿನ ಜಾನಪದ ಕುಣಿತ ಕುಣಿಯಬೇಕು. ಗಂಡನ ಪಾಲಿಗೆ ಅದು ಪಾರ್ಟಿಯಲ್ಲಿ ನಾಲ್ಕು ಜನ ನೋಡಿ ಮೆಚ್ಚುವ ಚೆಂದದ ವೇಷ. ಅವಳ ಪಾಲಿಗೆ ಡಬ್ಬಿಯ ಕಡೆ ಹೋಗದಂತೆ ಅವನನ್ನು ತಡೆಯುವ ಒಂದೇ ದಾರಿ. ನಿಧಾನ, ನಿಧಾನ ಅಂತ ಅವನು ಹೇಳಿದಷ್ಟೂ ಅವಳ ಕೂದಲು ಬಿಚ್ಚಿ ಹೋಗುವಷ್ಟು ಜೋರಾಗಿ ಕುಣಿಯುತ್ತಾಳೆ. ಗಂಡ ಬೇಡ ಅಂದರೂ ಕದ್ದು ತಿನ್ನುವ ಮ್ಯಾಕರೂನ್ ಸಿಹಿತಿಂಡಿ, ಎರಡನೇ ಅಂಕದಲ್ಲಿ ಬೋಳಾಗಿ ನಿಂತ ಕ್ರಿಸ್‌ಮಸ್ ಗಿಡ, ಇವೆಲ್ಲ ಓದಿದ ತಕ್ಷಣ ಅರ್ಥವಾಗುತ್ತವೆ, ಅಲ್ವಾ. ಈ ಕುಣಿತ ಹಾಗಲ್ಲ. ಹೆದರಿಕೆಯನ್ನೇ ಗಂಡನಿಗೆ ಮನರಂಜನೆಯಾಗಿ ಒಪ್ಪಿಸಬೇಕಾದ ಗತಿ ಅವಳದು.

ಕೊನೆಯ ಅಂಕದಲ್ಲಿ ಕ್ರಾಗ್‌ಸ್ಟಾಡ್‌ನ ಎರಡನೇ ಕಾಗದ ಬರುತ್ತದೆ ನೋಡು, ಸಾಲದ ಪತ್ರವನ್ನು ವಾಪಸ್ ಕಳಿಸಿದ ಕಾಗದ, ಅದು ನೋರಾಳ ಹೆಸರಿಗೇ ಬಂದದ್ದು. ಅದನ್ನೂ ಟೋರ್ವಾಲ್ಡ್ ಕಿತ್ತುಕೊಂಡು ತಾನೇ ಓದುತ್ತಾನೆ. ಓದಿದವನ ಬಾಯಲ್ಲಿ ಬರುವ ಮಾತು, ನಾನು ಉಳಿದೆ! ಮತ್ತೆ ನಾನು? ಅಂತ ಅವಳು ಕೇಳಿದ ಮೇಲೆ, ನೀನೂ ಅಂತ ಸೇರಿಸುತ್ತಾನೆ. ಆಮೇಲೆ ಅವಳು ವೇಷ ಕಳಚಿ ದಿನದ ಬಟ್ಟೆ ಹಾಕಿಕೊಂಡು ಬರುತ್ತಾಳೆ, ಎದುರು ಕೂತು ಮಾತಾಡುತ್ತಾಳೆ, ಉಂಗುರ ಕೊಡುತ್ತಾಳೆ, ಕೀಗಳನ್ನು ಬಿಟ್ಟುಕೊಡುತ್ತಾಳೆ. ನಿನಗೆ ಕಾಗದ ಬರೆಯಲಾ ಅಂತ ಅವನು ಕೇಳಿದರೆ, ಬೇಡ, ಯಾವತ್ತೂ ಬೇಡ ಅಂತಾಳೆ. ಇಷ್ಟು ದಿನ ಮನೆಯ ಕಾಗದಕ್ಕೆಲ್ಲ ಯಜಮಾನನಾಗಿದ್ದವನಿಗೆ ಇನ್ನು ಒಂದು ಸಾಲು ಬರೆಯಲೂ ಅನುಮತಿ ಇಲ್ಲ. ನನಗೆ ಬಾಗಿಲಿನ ಸದ್ದಿಗಿಂತ ಈ ಮಾತೇ ಜೋರಾಗಿ ಕೇಳಿಸಿತು.

ಒಂದು ವಿಷಯದಲ್ಲಿ ನಿನ್ನ ಅಭಿಪ್ರಾಯ ಬೇಕು. ಕ್ರಾಗ್‌ಸ್ಟಾಡ್ ಮೊದಲ ಕಾಗದವನ್ನು ವಾಪಸ್ ಕೇಳಿ ಪಡೆಯುತ್ತೇನೆ ಅಂದಾಗ ನೋರಾಳ ಗೆಳತಿ ಕ್ರಿಸ್ಟೀನ್ ಬೇಡ ಅಂತಾಳಲ್ಲ, ಗೆಳತಿಯ ಗುಟ್ಟು ಬಯಲಾಗಲಿ ಅಂತ ಬಿಡುವ ಹಕ್ಕು ಅವಳಿಗಿತ್ತಾ? ಇತ್ತು ಅಂತ ನಾನು ನಂಬುತ್ತೇನೆ, ಆ ಡಬ್ಬಿ ಒಮ್ಮೆ ತೆರೆಯಲೇಬೇಕಿತ್ತು. ನೀನು ಒಪ್ಪದಿದ್ದರೆ ಯಾಕೆ ಅಂತ ವಿವರವಾಗಿ ಬರಿ.

ನಿನ್ನ ಗೆಳೆಯ