ಕೊಳ್ಳುವ ಮುಂಚೆ ಚಿತ್ರ ಎಣಿಸು

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹಳೆಯ ಸಚಿತ್ರ ಕಾವ್ಯಗಳನ್ನು ಕೂಡಿಡಬೇಕೆಂದು ಬರೆದಿದ್ದೀಯ, ಓದಿ ಮನಸ್ಸು ತುಂಬಿ ಬಂತು. ಎಡ್ಮಂಡ್ ಡ್ಯುಲಾಕ್ ಚಿತ್ರಗಳಿರುವ ಪಾರಸಿ ಕವಿ ಉಮರ್ ಖಯ್ಯಾಮನ ಚೌಪದಿಗಳ ಪುಸ್ತಕ ರುಬಾಯಿಯತ್‌ನ 1909ರ ಮುದ್ರಣ ಕಣ್ಣಿಗೆ ಬಿದ್ದಿದೆ, ರಟ್ಟು ಹೊಸದರ ಹಾಗಿದೆ ಅಂದೆಯಲ್ಲ. ರಟ್ಟಿಗೆ ಮರುಳಾಗಬೇಡ ಮಗು. ಮೊದಲು ಚಿತ್ರ ಎಣಿಸು. ಅದರಲ್ಲಿ 20 ಬಣ್ಣದ ಚಿತ್ರಗಳಿರಬೇಕು.

ಆ ಕಾಲದ ಇಂಥ ಪುಸ್ತಕಗಳಲ್ಲಿ ಬಣ್ಣದ ಚಿತ್ರವನ್ನು ನುಣುಪು ಕಾಗದದಲ್ಲಿ ಬೇರೆಯಾಗಿ ಅಚ್ಚು ಹಾಕಿ, ಒಂದೇ ಅಂಚಿಗೆ ಗೋಂದು ಹಚ್ಚಿ ದಪ್ಪ ಹಾಳೆಗೆ ಅಂಟಿಸುತ್ತಿದ್ದರು. ಹಾಗಾಗಿ ಬಿಡಿಸಿ ಚೌಕಟ್ಟು ಹಾಕಿಸುವುದು ಸುಲಭ, ಪುಸ್ತಕಗಳು ಅರೆಬರೆಯಾಗುವುದೂ ಇದರಿಂದಲೇ. ಪುಸ್ತಕದ ಮೊದಲಲ್ಲಿರುವ ಚಿತ್ರಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡು. ಖಾಲಿ ಹಾಳೆಯ ಮೇಲೆ ಗೋಂದಿನ ಕಂದು ಗೆರೆಯೋ ಚಿತ್ರದಳತೆಯ ಮಸುಕು ಚೌಕವೋ ಕಂಡರೆ ಅಲ್ಲಿದ್ದದ್ದು ಹೋಗಿದೆ ಎಂದೇ ಲೆಕ್ಕ. ಇನ್ನೊಂದು ಪ್ರತಿಯಿಂದ ತಂದು ಅಂಟಿಸಿರುವುದೂ ಉಂಟು. ಆಗ ಆ ಒಂದು ಚಿತ್ರದ ಅಂಚು ಮಾತ್ರ ಕತ್ತರಿಸಿದಂತಿರುತ್ತದೆ, ಇಲ್ಲವೇ ಗೋಂದು ಬೆಳ್ಳಗೆ ಹೊಸದಾಗಿರುತ್ತದೆ. ಚಿತ್ರವನ್ನು ಕಾಪಾಡಲು ಅದರ ಮುಂದಿಟ್ಟ ತೆಳು ಕಾಗದ ಹರಿದಿದ್ದರೆ ಅದು ಸಣ್ಣ ಊನ. ಚಿತ್ರದ ಮೂಲೆಯೇ ಮಡಿಸಿ ಬಣ್ಣ ಬಿಟ್ಟಿದ್ದರೆ ಬೆಲೆ ಇಳಿಸಲೇಬೇಕು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಒಂದು ಇಟ್ಟುಕೋ. ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೋರೆಯ ಪುಸ್ತಕಗಳಲ್ಲಿರುವಂಥ ಮರದಚ್ಚಿನಲ್ಲಿ, ಅಂದರೆ ಮರದ ತುಂಡಿನಲ್ಲಿ ಕೆತ್ತಿ ಒತ್ತಿದ ಚಿತ್ರದಲ್ಲಿ, ಗೆರೆ ಕಡಿಯದೆ ಸಾಗುತ್ತದೆ. ಗೆರೆಯೇ ಚುಕ್ಕೆಚುಕ್ಕೆಯಾಗಿ ಒಡೆದು ಕಂಡರೆ ಅದು ಫೋಟೋದಿಂದ ತೆಗೆದ ಮರುಮುದ್ರಣ. ಆದರೆ ಡ್ಯುಲಾಕ್ ಚಿತ್ರಗಳ ಮೂಲ ಅಚ್ಚಿನಲ್ಲೇ ಚುಕ್ಕೆಗಳಿವೆ, ಅದನ್ನು ನೋಡಿ ನಕಲಿ ಎಂದು ಬಿಟ್ಟುಬಿಡಬೇಡ.

ಇಂಥ ಉಡುಗೊರೆ ಪುಸ್ತಕಗಳ ಶೀರ್ಷಿಕೆ ಪುಟದಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಯಾರೋ ಯಾರಿಗೋ ಕೊಟ್ಟಾಗ ಬರೆದ ತಾರೀಖು ಒಳಗಿದ್ದರೆ ಅದೃಷ್ಟ. ಪ್ರತಿ ಅದಕ್ಕಿಂತ ಈಚಿನದಾಗಿರಲಾರದು. ಆ ಬರಹವನ್ನು ಅಳಿಸಲು ಮಾತ್ರ ಹೋಗಬೇಡ.

ತಂದ ಮೇಲೆ ದೊಡ್ಡ ಶತ್ರು ತೇವ. ನುಣುಪು ಕಾಗದದ ಮೇಲ್ಪದರ ನೀರು ತಗುಲಿದರೆ ಅಂಟಾಗುತ್ತದೆ, ಒಣಗಿದಾಗ ಎರಡು ಹಾಳೆ ಒಂದಾಗಿ ಕಚ್ಚಿಕೊಂಡು, ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಗಾಳಿಯ ತೇವಾಂಶ ಶೇಕಡಾ 40ರಿಂದ 55ರೊಳಗೆ ಇರಲಿ, ಕಪಾಟು ಹೊರಗೋಡೆಗೆ ತಾಗದಿರಲಿ. ದೊಡ್ಡಳತೆಯವನ್ನು ಮಲಗಿಸಿಡು, ಒಂದರ ಮೇಲೊಂದು ಎರಡು ಮೂರಕ್ಕಿಂತ ಹೆಚ್ಚು ಬೇಡ. ನಿಲ್ಲಿಸಿದ್ದನ್ನು ಬೆನ್ನಿನ ತುದಿ ಹಿಡಿದು ಎಳೆಯಬೇಡ. ಅಕ್ಕಪಕ್ಕದವನ್ನು ಒಳಕ್ಕೆ ತಳ್ಳಿ ನಡು ಹಿಡಿದು ತೆಗೆ. ಕೈಗವಸು ಬೇಡ, ಅದರಲ್ಲಿ ಬೆರಳಿಗೆ ಹಾಳೆಯ ಸ್ಪರ್ಶ ತಿಳಿಯದೆ ಹರಿಯುತ್ತದೆ. ತೊಳೆದು ಒಣಗಿಸಿದ ಕೈ ಸಾಕು.

ಚಿತ್ರ ಕಳಚಿ ಬಂದರೆ ಸೆಲೋಟೇಪ್ ಮುಟ್ಟಲೇಬೇಡ, ಅದರ ಅಂಟು ಕಾಗದಕ್ಕೆ ಇಳಿದು ಹಳದಿ ಕಲೆ ಬಿಡುತ್ತದೆ. ಗೋಧಿ ಪಿಷ್ಟದ ತೆಳು ಅಂಟನ್ನು ಹಳೆಯ ಗೆರೆಯ ಮೇಲಷ್ಟೇ ಹಚ್ಚು. ಪೂರ್ತಿ ಹಚ್ಚಿದರೆ ಎರಡು ಕಾಗದಗಳು ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗಿ ಚಿತ್ರ ಸುಕ್ಕುಗಟ್ಟುತ್ತದೆ.

ಸದ್ಯಕ್ಕೆ ಮಾರುವವರಿಂದ ಶೀರ್ಷಿಕೆ ಪುಟದ ಎರಡೂ ಬದಿ, ಚಿತ್ರಪಟ್ಟಿ, ಪ್ರತಿಯೊಂದು ಚಿತ್ರ, ರಟ್ಟು ಸೇರುವ ಒಳಮೂಲೆ ಇಷ್ಟರ ಫೋಟೋ ಕೇಳು. ಮುಂಗಡ ಕೊಡಬೇಡ. ಫೋಟೋ ಬಂದ ಕೂಡಲೇ ನನಗೂ ಕಳಿಸು, ಇಪ್ಪತ್ತನ್ನೂ ಇಬ್ಬರೂ ಕೂತು ತಾಳೆ ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ