ಮೊಟ್ಟೆ ಡಬ್ಬಿಯ ಪಾಠ ಹೇಳಿಕೊಟ್ಟ ಅಣ್ಣನಿಗೆ

ದಾವಣಗೆರೆ ಬಸ್ ನಿಲ್ದಾಣದಲ್ಲಿ ಬಿಳಿ ಕೋಲು ಹಿಡಿದು ನನ್ನ ಪಕ್ಕ ಕೂತಿದ್ದಿರಲ್ಲ ಅಣ್ಣ, ಈ ಥ್ಯಾಂಕ್ಸ್ ನಿಮಗೆ. ಹೆಸರು ಕೇಳಲೇ ಇಲ್ಲ, ನನ್ನ ಬುದ್ಧಿಗಿಷ್ಟು!

ನಾನು ಪಾಠ ಮಾಡುವ ಎರಡನೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಉಳಿದವರು ಬರೆಯುವಾಗ ಸುಮ್ನೆ ಕೂತಿರುತ್ತಿದ್ದಳು. ಅದನ್ನು ಹೇಳಿಕೊಂಡಾಗ ನೀವು ನಕ್ಕಿರಿ. "ಆರು ಮೊಟ್ಟೆಯ ಖಾಲಿ ಡಬ್ಬಿ, ಒಂದು ಹಿಡಿ ಹುಣಸೆ ಬೀಜ ಸಾಕು ಮೇಡಂ" ಅಂದಿರಿ. ಕಣ್ಣು ಕಾಣದವರು ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಅಕ್ಷರಕ್ಕೆ ಇರುವುದೂ ಆರೇ ಚುಕ್ಕಿ ಜಾಗ, ಎಡಕ್ಕೆ ಮೂರು, ಬಲಕ್ಕೆ ಮೂರು. ಎಡಸಾಲಿನ ಮೇಲಿನ ಗುಳಿಗೆ ಬೀಜ ಹಾಕಿದರೆ 'ಅ'. ಅದೇ ಸಾಲಿನ ಕೊನೆಯ, ಅಂದರೆ ಮೂರನೇ ಗುಳಿಗೂ ಹಾಕಿದರೆ 'ಕ'.

ಈಗ ಆ ಡಬ್ಬಿಗೆ ಇಡೀ ತರಗತಿ ಜಗಳ. ಕಣ್ಮುಚ್ಚಿ ಓದುವ ಆಟದಲ್ಲಿ ಅವಳೇ ಟೀಚರ್, ನನಗಿಂತ ಜಾಸ್ತಿ ಸ್ಟ್ರಿಕ್ಟು.

ಮಂಡಕ್ಕಿ ಮಿರ್ಚಿ ದುಡ್ಡೂ ಅವತ್ತು ನೀವೇ ಕೊಟ್ಟಿರಿ. ಆ ಬಾಕಿ ಇದೆ ಅಣ್ಣ.